ಹಲ್ಲಿಗೆ ಕ್ಲಿಪ್: ಯಾವುದು, ಎಲ್ಲಿ, ಯಾವಾಗ? ಮಲೆನಾಡಿನ ಅಪ್ಪ ಅಮ್ಮಂದಿರಿಗೆ

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ತರಹದ ಕರೆಗಳು ಶುರುವಾಗುತ್ತವೆ. ಪರೀಕ್ಷೆ ಮುಗಿದಿರುತ್ತದೆ, ಅಡಿಕೆ ದುಡ್ಡು ಸ್ವಲ್ಪ ಕೈಗೆ ಬಂದಿರುತ್ತದೆ, ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವುದನ್ನು ಅಮ್ಮ ನೋಡಿರುತ್ತಾಳೆ. "ನಿಮ್ಮ ಹುಡುಗಿಗೆ ಕ್ಲಿಪ್ ಹಾಕಿಸಿದ್ರಲ್ಲ, ಎಷ್ಟಾಯ್ತು?" ಇದು ಮೊದಲ ಪ್ರಶ್ನೆ. ಎರಡನೆಯದು, "ಈಗ ಕಾಣದೇ ಇರೋ ಕ್ಲಿಪ್ ಬಂದಿದೆಯಂತೆ, ಅದು ಒಳ್ಳೇದಾ?" ಪ್ರತಿ ಸಲ ಅರ್ಧ ಗಂಟೆ ಮಾತಾಡುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನಾನು ಡಾಕ್ಟರಲ್ಲ. ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಮಗಳು ಏಳನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಕ್ಲಿಪ್ ಹಾಕಿಸಿ, ಎರಡು ವರ್ಷ ಮೂರು ತಿಂಗಳು ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡಿದ್ದೇನೆ. ಅಕ್ಕನ ಮಗನದ್ದು ಬೇರೆಯೇ ಕಥೆ, ಅದು ಮುಂದೆ ಬರುತ್ತದೆ. ಇಷ್ಟು ಓಡಾಡಿದ ಮೇಲೆ ನನಗೆ ಗೊತ್ತಾದದ್ದು ಇಷ್ಟು: ಲೋಹದ್ದಾ, ಬಿಳಿಯದ್ದಾ, ಕಾಣದ್ದಾ ಎಂದು ನಾವು ತಲೆ ಕೆಡಿಸಿಕೊಳ್ಳುತ್ತೇವೆ, ಆದರೆ ನಮ್ಮ ಕಡೆಯವರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಎರಡು ವರ್ಷ ತಿಂಗಳಿಗೊಮ್ಮೆ ಮಗುವಿನ ಜೊತೆ ಹೋಗುವವರು ಯಾರು ಅನ್ನುವುದು. ಶಿವಮೊಗ್ಗ ಪೇಟೆಯೊಳಗೆ, ದುರ್ಗಿಗುಡಿಯಲ್ಲಿ ಮನೆ ಇರುವವರಿಗೆ ಇದು ಪ್ರಶ್ನೆಯೇ ಅಲ್ಲ. ಹೊಸನಗರದ ಆಚೆ ಇರುವವರಿಗೆ ಇದೇ ಎಲ್ಲ.

ಮೊದಲು ಏನೇನು ನೋಡಬೇಕು

ನಿಜವಾಗಿ ಬೇಕಾ ಎಂಬುದು ಮೊದಲನೆಯದು. ಸೊಟ್ಟ ಹಲ್ಲೆಲ್ಲ ಕಾಯಿಲೆಯಲ್ಲ. ಒಂದು ಹಲ್ಲು ಸ್ವಲ್ಪ ತಿರುಗಿದೆ, ಮುಂದೆ ಸಣ್ಣ ಸಂದು ಇದೆ, ಅಷ್ಟೇ ಆದರೆ ಅದು ಇಷ್ಟದ ವಿಷಯ. ಆದರೆ ಮೇಲಿನ ಬಾಚಿಹಲ್ಲು ತುಂಬಾ ಮುಂದೆ ಬಂದಿದ್ದರೆ, ಕೆಳಗಿನ ಹಲ್ಲು ಮೇಲಿನ ವಸಡಿಗೆ ಚುಚ್ಚುತ್ತಿದ್ದರೆ, ಕೆಳದವಡೆ ಮುಂದೆ ಇದ್ದು ಕಚ್ಚುವುದು ಉಲ್ಟಾ ಆಗಿದ್ದರೆ, ಅಥವಾ ಹದಿಮೂರು ಆದರೂ ಮೇಲಿನ ಕೋರೆಹಲ್ಲು ಬಂದೇ ಇಲ್ಲ ಎಂದರೆ ತೋರಿಸಲೇಬೇಕು. ಬಾರದ ಕೋರೆಹಲ್ಲು ಒಳಗೆ ಅಡ್ಡ ಮಲಗಿ ಪಕ್ಕದ ಹಲ್ಲಿನ ಬೇರನ್ನು ಸವೆಸುವುದೂ ಉಂಟು. ಅದು ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಗುತ್ತದೆ.

ಕ್ಲಿಪ್ ನಿಜವಾಗಿ ಬೇಕಾ ಎಂದು ನೋಡಲು ಬ್ರಿಟನ್ನಿನಲ್ಲಿ ಒಂದು ಅಳತೆ ಇಟ್ಟುಕೊಂಡಿದ್ದಾರೆ, 1989ರಲ್ಲಿ ಬಂದದ್ದು. ಒಂದರಿಂದ ಐದರವರೆಗೆ ದರ್ಜೆ. 4 ಅಥವಾ 5 ಬಂದ, 18 ವರ್ಷದೊಳಗಿನ ಮಕ್ಕಳಿಗೆ ಖರ್ಚು ಸರ್ಕಾರದ್ದು. 3 ಬಂದರೆ ನೋಡುವುದಕ್ಕೆ ಎಷ್ಟು ಎದ್ದು ಕಾಣುತ್ತದೆ ಎಂದು ಲೆಕ್ಕ ಹಾಕುತ್ತಾರೆ. 1, 2 ಆದರೆ ನಿಮ್ಮ ದುಡ್ಡು ನೀವೇ ಹಾಕಿಕೊಳ್ಳಿ. ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ 6 ಮಿ.ಮೀ.ಗಿಂತ ಜಾಸ್ತಿ ಮುಂದಿದ್ದರೆ 4, 9 ಮಿ.ಮೀ. ದಾಟಿದರೆ 5. ಸುಮ್ನೆ ಅಂದಕ್ಕಲ್ಲ ಈ ಲೆಕ್ಕ, ಹಲ್ಲು ಮುಂದಿದ್ದಷ್ಟೂ ಬಿದ್ದಾಗ ಮುರಿಯುವುದು ಜಾಸ್ತಿ. ಆಷಾಢದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಮಕ್ಕಳು ಎಷ್ಟು ಸಲ ಜಾರಿ ಬೀಳುತ್ತವೆ ಎಂದು ನಮಗೆ ಗೊತ್ತಲ್ಲ. ಇಲ್ಲಿ ಸರ್ಕಾರ ಖರ್ಚು ಹಾಕದಿದ್ದರೂ ಈ ವಿಷಯ ಓದಿದ ಡಾಕ್ಟರಿಗೆಲ್ಲ ಈ ಅಳತೆ ಗೊತ್ತಿರುತ್ತದೆ. "ನಮ್ಮ ಮಗುವಿನದ್ದು ಎಷ್ಟನೇ ದರ್ಜೆ?" ಎಂದು ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಬಹಳಷ್ಟು ಗೊತ್ತಾಗುತ್ತದೆ.

ಎರಡನೆಯದು, ಇದು ಯಾರ ಆಸೆ? ಮಗುವಿನದ್ದಾ, ನಮ್ಮದಾ, ಮದುವೆ ಮನೆಯಲ್ಲಿ "ಹಲ್ಲೊಂದು ಸರಿ ಮಾಡಿಸಿಬಿಡಿ, ಹುಡುಗಿ ಲಕ್ಷಣವಾಗಿದ್ದಾಳೆ" ಅಂದ ಅತ್ತೆಯದ್ದಾ? ನನ್ನ ಮಗಳನ್ನು ಶಾಲೆಯಲ್ಲಿ ಹೆರೆಮಣೆ ಅನ್ನುತ್ತಿದ್ದರಂತೆ. "ನಮ್ಮನೆಗೂ ಬಾರೇ, ಕಾಯಿ ಹೆರೆದು ಕೊಡು" ಅಂತ. ಒಂದು ವರ್ಷ ನಮಗೆ ಹೇಳಿರಲೇ ಇಲ್ಲ. ಗ್ರೂಪ್ ಫೋಟೋದಲ್ಲೆಲ್ಲ ಹಿಂದಿನ ಸಾಲು, ತುಟಿ ಮುಚ್ಚಿದ ಮುಖ. ಗೊತ್ತಾದ ದಿನ ನನಗೆ ಆ ಹುಡುಗರನ್ನು ಹಿಡಿದು ನಾಲ್ಕು ಬಿಡಬೇಕು ಅನ್ನಿಸಿತ್ತು. ಅವಳಿಗೆ ಕ್ಲಿಪ್ ಅವಳೇ ಕೇಳಿ ಹಾಕಿಸಿಕೊಂಡದ್ದು, ಹಾಗಾಗಿ ನೋವು ತಡೆದಳು, ಹಲ್ಲು ಉಜ್ಜಿದಳು. ಅಪ್ಪ ಅಮ್ಮನ ಒತ್ತಾಯಕ್ಕೆ ಹಾಕಿಸಿಕೊಂಡ ಮಕ್ಕಳು ಆರನೇ ತಿಂಗಳಿಗೆ "ಬಿಚ್ಚಿಸಿ" ಎಂದು ಕೂರುವುದನ್ನೂ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ.

ಹಾಗಂತ ಹಲ್ಲು ಸರಿಯಾದರೆ ಧೈರ್ಯ ತಾನಾಗಿ ಬರುತ್ತದೆ ಎಂದು ನಂಬಬೇಡಿ. ವೇಲ್ಸ್‌ನ ಕಾರ್ಡಿಫ್‌ನಲ್ಲಿ 1981ರಲ್ಲಿ 11-12 ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ, 20 ವರ್ಷದ ನಂತರ ಅವರಲ್ಲಿ ಸಿಕ್ಕವರನ್ನು ಮತ್ತೆ ಮಾತಾಡಿಸಿದರು. ಕ್ಲಿಪ್ ಹಾಕಿಸಿಕೊಂಡವರ ಹಲ್ಲು ಚೆನ್ನಾಗಿತ್ತು, ಹಲ್ಲಿನ ಬಗ್ಗೆ ಸಮಾಧಾನವೂ ಇತ್ತು. ಆದರೆ ತಮ್ಮ ಬಗ್ಗೆ ತಮಗಿರುವ ಅಭಿಮಾನ, ಮನಸ್ಸಿನ ನೆಮ್ಮದಿ, ಇದರಲ್ಲಿ ಹಾಕಿಸಿಕೊಳ್ಳದವರಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕ್ಲಿಪ್ ಹಲ್ಲು ಸರಿ ಮಾಡುತ್ತದೆ, ಅಣಕಿಸುವವರನ್ನು ಸರಿ ಮಾಡುವುದಿಲ್ಲ. ಅದಕ್ಕೆ ಮೇಷ್ಟ್ರ ಹತ್ತಿರ ಹೋಗಿ ಮಾತಾಡಬೇಕು. ನಾನು ಹೋಗಿದ್ದೆ, ಕ್ಲಿಪ್ಪಿಗಿಂತ ಬೇಗ ಕೆಲಸವಾಯಿತು.

ಇನ್ನೊಂದು, ಸೆಲ್ಫಿ ನೋಡಿ ಮುಖ ಸರಿಯಿಲ್ಲ ಅನ್ನುವ ಮಕ್ಕಳಿಗೆ ಇದನ್ನು ಹೇಳಿ. ಒಂದು ಅಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಐದು ಅಡಿ ದೂರ ನಿಂತು ಬೇರೆಯವರ ಕೈಲಿ ಫೋಟೋ ತೆಗೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಹಾಗೇ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದರೆ ದವಡೆ ಚೂಪಾಗುತ್ತದೆ ಎಂಬ ರೀಲ್ಸ್ ನಂಬಿ ಕೂತಿರುವ ಹುಡುಗರೂ ಇದ್ದಾರೆ. ಅದರಿಂದ ದವಡೆ ಬದಲಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ.

ಮೂರನೆಯದು ವಯಸ್ಸು. ನಮ್ಮ ಕಡೆ ಇದಕ್ಕೆ ಎರಡು ಅರ್ಥ. ಒಂದು, ಮೈ ಬೆಳೆಯುವ ವಯಸ್ಸು. ತೊಂದರೆ ಹಲ್ಲಿನದ್ದಲ್ಲ, ದವಡೆಯದ್ದೇ ಆದರೆ, ಅಂದರೆ ಕೆಳದವಡೆ ಹಿಂದೆ ಉಳಿದಿದ್ದರೆ, ಮಗು ಜೋರಾಗಿ ಉದ್ದವಾಗುತ್ತಿರುವಾಗಲೇ ಹಿಡಿಯಬೇಕು. ಹೆಣ್ಣುಮಕ್ಕಳಿಗೆ ಆ ಸಮಯ ಗಂಡುಮಕ್ಕಳಿಗಿಂತ ಸುಮಾರು ಎರಡು ವರ್ಷ ಮುಂಚೆ ಬರುತ್ತದೆ. ಇನ್ನೊಂದು, ಎಸ್ಸೆಸ್ಸೆಲ್ಸಿ. ನಮ್ಮ ಮಕ್ಕಳು ಹತ್ತನೇ ಕ್ಲಾಸು ಮುಗಿದ ಕೂಡಲೇ ಘಟ್ಟ ಇಳಿಯುತ್ತಾರೆ, ಮೂಡುಬಿದಿರೆ, ಕಾರ್ಕಳ, ಮಂಗಳೂರು ಎಂದು ಪಿಯುಸಿ ಹಾಸ್ಟೆಲ್ಲಿಗೆ. ಒಂಬತ್ತನೇ ಕ್ಲಾಸಿನ ಕೊನೆಯಲ್ಲಿ ಕ್ಲಿಪ್ ಹಾಕಿಸಿದರೆ ಅರ್ಧದಲ್ಲಿ ಡಾಕ್ಟರನ್ನು ಬದಲಿಸಬೇಕಾಗುತ್ತದೆ. ಒಬ್ಬರು ಶುರು ಮಾಡಿದ ಕೇಸನ್ನು ಇನ್ನೊಬ್ಬರು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ, ತೆಗೆದುಕೊಂಡರೂ ದುಡ್ಡು ಮತ್ತೆ ಕೊಡಬೇಕು. ಹಾಗಾಗಿ ಏಳನೇ ಕ್ಲಾಸಿನ ಬೇಸಿಗೆಯಲ್ಲಿ ಶುರು, ಹತ್ತನೇ ಕ್ಲಾಸಿನ ಪರೀಕ್ಷೆಗೆ ಮುಂಚೆ ಮುಗಿತಾಯ, ಇದು ನಮ್ಮ ಊರಿನ ಲೆಕ್ಕಕ್ಕೆ ಸರಿಹೊಂದುತ್ತದೆ. ಹಾಲುಹಲ್ಲು ಉಳಿದಿದ್ದರೆ ಮಾತ್ರ ಡಾಕ್ಟರು ಹೇಳಿದಷ್ಟು ಕಾಯಿರಿ. ಬರೀ ತೋರಿಸಿಕೊಂಡು ಬರುವುದಕ್ಕೆ ಇಷ್ಟು ಕಾಯಬೇಕಿಲ್ಲ. ಅಮೆರಿಕದ ಆರ್ಥೊಡಾಂಟಿಸ್ಟುಗಳ, ಅಂದರೆ ಹಲ್ಲಿನ ಸಾಲು ಸರಿ ಮಾಡುವ ತಜ್ಞರ ಸಂಘ ಏಳು ವರ್ಷಕ್ಕೇ ಒಮ್ಮೆ ತೋರಿಸಿ ಅನ್ನುತ್ತದೆ. ತೋರಿಸುವುದು ಬೇರೆ, ಹಾಕಿಸುವುದು ಬೇರೆ.

ನಾಲ್ಕು, ಓಡಾಟ. ಹಲ್ಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿ.ಮೀ. ಸರಿಯುತ್ತದೆ, ಮೂಳೆ ಒಂದು ಕಡೆ ಕರಗಿ ಇನ್ನೊಂದು ಕಡೆ ತುಂಬಿಕೊಳ್ಳಬೇಕಲ್ಲ. ಅವಸರ ಮಾಡಿದರೆ ಹಲ್ಲಿನ ಬೇರಿಗೇ ಪೆಟ್ಟು. ಅದಕ್ಕೇ ಒಂದೂವರೆಯಿಂದ ಎರಡು ವರ್ಷ, ನಾಲ್ಕರಿಂದ ಆರು ವಾರಕ್ಕೊಂದು ಭೇಟಿ. ಇಪ್ಪತ್ತು ಸಲ ಎಂದಿಟ್ಟುಕೊಳ್ಳಿ. ನಮ್ಮಿಂದ ಶಿವಮೊಗ್ಗ 60 ಕಿ.ಮೀ. ಮೇಲೆ. ಹತ್ತು ನಿಮಿಷದ ಕೆಲಸಕ್ಕೆ ಒಂದು ದಿನ ಹೋಗುತ್ತದೆ, ಮಗುವಿನ ಶಾಲೆ ಹೋಗುತ್ತದೆ, ಜೊತೆಗೆ ಹೋದವರ ಕೆಲಸವೂ ಹೋಗುತ್ತದೆ. ಇದನ್ನು ದುಡ್ಡಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಐದು, ಮಗುವಿನ ಶಿಸ್ತು. ಆರು, ದುಡ್ಡು. ಇವೆರಡೂ ಒಂದೊಂದು ದಾರಿಯ ಜೊತೆಗೇ ಬರುತ್ತವೆ.

ಈಗ ಒಂದೊಂದೇ ದಾರಿ

ಏನೂ ಮಾಡಿಸದೇ ಇರುವುದೂ ಒಂದು ದಾರಿ. ಇದನ್ನು ಯಾವ ಕ್ಲಿನಿಕ್ಕಿನ ಬೋರ್ಡಿನಲ್ಲೂ ಬರೆದಿರುವುದಿಲ್ಲ. ದರ್ಜೆ 1 ಅಥವಾ 2, ಮಗುವಿಗೂ ಅಷ್ಟೇನೂ ಬೇಸರವಿಲ್ಲ, ಊಟ ಮಾತು ಎಲ್ಲ ಸರಿಯಿದೆ ಎಂದರೆ ಬಿಡಿ. ಹಲ್ಲು ಸರಿಸುವುದಕ್ಕೆ ವಯಸ್ಸಿನ ಮಿತಿ ಇಲ್ಲ, ವಸಡು ಗಟ್ಟಿಯಿದ್ದರೆ ಮೂವತ್ತಕ್ಕೂ ಹಾಕಿಸಬಹುದು. ದವಡೆ ಬೆಳೆಸುವ ಕೆಲಸಕ್ಕೆ ಮಾತ್ರ ಕಾಯುವ ಹಾಗಿಲ್ಲ. "ಸಂದು ಹಲ್ಲು ಅದೃಷ್ಟ ಕಣೇ" ಎಂದು ನಮ್ಮ ಅಜ್ಜಿ ಅನ್ನುತ್ತಿದ್ದರು. ಅದೃಷ್ಟ ಬಂತೋ ಇಲ್ಲವೋ, ತೊಂಬತ್ತು ದಾಟಿದ ಮೇಲೂ ಅದೇ ಹಲ್ಲಿನಲ್ಲಿ ರೊಟ್ಟಿ ತಿಂದರು.

ತೆಗೆದು ಹಾಕುವ ಪ್ಲೇಟು. ಇದರಲ್ಲಿ ಎರಡು ತರ. ಒಂದು, ಒಂದೆರಡು ಹಲ್ಲನ್ನು ಸ್ವಲ್ಪ ತಳ್ಳುವ ಸಾದಾ ಪ್ಲೇಟು. ಕಡಿಮೆ ದುಡ್ಡು, ಕಡಿಮೆ ಕೆಲಸ. ಎಲ್ಲ ಹಲ್ಲೂ ಸೊಟ್ಟ ಇರುವವರಿಗೆ ಇದರಿಂದ ಮಾಡುತ್ತೇವೆ ಎಂದರೆ ಅನುಮಾನ ಪಡಿ. ಎರಡನೆಯದು, ಕೆಳದವಡೆಯನ್ನು ಮುಂದೆ ಹಿಡಿದಿಡುವ ಟ್ವಿನ್ ಬ್ಲಾಕ್. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ಎಂಬ ಡಾಕ್ಟರು 1977ರಲ್ಲಿ ಮಾಡಿದ್ದು. ಬೆಳೆಯುವ ವಯಸ್ಸಿನಲ್ಲಿ, ಕೆಳದವಡೆ ಹಿಂದೆ ಉಳಿದ ಮಕ್ಕಳಿಗೆ ಇದು ಒಳ್ಳೆಯ ದಾರಿ. ಊಟ ಬಿಟ್ಟು ಉಳಿದ ಹೊತ್ತೆಲ್ಲ ಹಾಕಿಕೊಂಡಿರಬೇಕು ಎನ್ನುತ್ತಾರೆ. ಮೊದಲ ವಾರ ಮಾತೆಲ್ಲ ತೊದಲು, ಜೊಲ್ಲು ಬೇರೆ. ಬೇಸಿಗೆ ರಜೆಯಲ್ಲಿ ಶುರು ಮಾಡಿದರೆ ಶಾಲೆ ತೆರೆಯುವ ಹೊತ್ತಿಗೆ ನಾಲಿಗೆ ಒಗ್ಗಿರುತ್ತದೆ. ಇದಾದ ಮೇಲೂ ಸಾಮಾನ್ಯವಾಗಿ ತಂತಿ ಕ್ಲಿಪ್ ಬೇಕಾಗುತ್ತದೆ. ಎರಡರ ಖರ್ಚನ್ನೂ ಮೊದಲೇ ಕೇಳಿ.

ಲೋಹದ ಕ್ಲಿಪ್. ಹಲ್ಲಿಗೆ ಅಂಟಿಸಿದ ಸಣ್ಣ ಸಣ್ಣ ಬ್ರಾಕೆಟ್, ಅದರಲ್ಲಿ ಹಾಯುವ ತಂತಿ. ಈ ತಂತಿಯ ಕಥೆ ಮಜವಾಗಿದೆ. ಶುರುವಿನ ತಿಂಗಳುಗಳಲ್ಲಿ ಹಾಕುವ ನಿಕ್ಕಲ್ ಟೈಟಾನಿಯಂ ತಂತಿಯ ಲೋಹ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಎಷ್ಟು ಬಗ್ಗಿಸಿದರೂ ತನ್ನ ಹಳೇ ಆಕಾರಕ್ಕೇ ಬರುತ್ತದೆ, ಬರುವಾಗ ಹಲ್ಲನ್ನೂ ನಿಧಾನಕ್ಕೆ ಎಳೆದುಕೊಂಡು ಬರುತ್ತದೆ. ಹಟಮಾರಿ ಲೋಹ.

ನನ್ನ ಮತ ಕೇಳಿದರೆ, ಹನ್ನೆರಡರಿಂದ ಹದಿನಾರರ ನಡುವಿನ ಹೆಚ್ಚಿನ ಮಕ್ಕಳಿಗೆ ಇದೇ ಸರಿ. ಎಂಥ ಕಷ್ಟದ ಕೇಸಿಗೂ ಆಗುತ್ತದೆ. ಮಗು ತೆಗೆದಿಡುವ ಹಾಗಿಲ್ಲ, ಹಾಗಾಗಿ ಶಿಸ್ತಿನ ಪ್ರಶ್ನೆ ಅರ್ಧ ಕಡಿಮೆ. ದುಡ್ಡೂ ಕಡಿಮೆ. ನಾನು ಶಿವಮೊಗ್ಗದ ಖಾಸಗಿ ಕ್ಲಿನಿಕ್ಕುಗಳಲ್ಲಿ ವಿಚಾರಿಸಿದಾಗ 30ರಿಂದ 45 ಸಾವಿರದೊಳಗೆ ಹೇಳಿದ್ದರು. ಮುಂಗಡ ಸ್ವಲ್ಪ, ಉಳಿದದ್ದು ಪ್ರತಿ ಭೇಟಿಗೆ ಇಷ್ಟು ಎಂದು ಕಂತಿನಲ್ಲಿ ಕಟ್ಟಬಹುದು. ಅಡಿಕೆ ಮಾರುವ ಕಾಲಕ್ಕೆ ಹೊಂದಿಸಿ ಕೊಡುತ್ತೇವೆ ಎಂದು ನಾವು ಮೊದಲೇ ಹೇಳಿದ್ದೆವು, ಒಪ್ಪಿದರು.

ಕಷ್ಟಗಳೂ ಇವೆ. ಪ್ರತಿ ಸಲ ತಂತಿ ಬಿಗಿದ ಮೇಲೆ ಮೂರು ನಾಲ್ಕು ದಿನ ಕಚ್ಚಲಾಗದು. ಗಂಜಿ, ನೀರುದೋಸೆ, ಮೆತ್ತಗಿನ ಕಡುಬು ಇದ್ದರೆ ದಿನ ಸಾಗುತ್ತದೆ, ಈ ವಿಷಯದಲ್ಲಿ ನಮ್ಮ ಅಡುಗೆಮನೆ ಪುಣ್ಯ ಮಾಡಿದೆ. ಬಿಡಬೇಕಾದ್ದು ಚಕ್ಕುಲಿ, ಕಬ್ಬು, ಹಸಿ ಪೇರಲೆ. ಹಲಸಿನ ಹಪ್ಪಳಕ್ಕೆ ನಮ್ಮ ಮನೆಯಲ್ಲಿ ಮಳೆಗಾಲವಿಡೀ ಜಗಳ. ಅಪ್ಪೆಮಿಡಿ ಕಚ್ಚುವ ಹಾಗಿಲ್ಲ, ಹೆಚ್ಚಿ ಕೊಡಬೇಕು. ದೊಡ್ಡವರ ತಟ್ಟೆಯಿಂದ ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಇರುವ ಹುಡುಗರಿಗೆ ಬ್ರಾಕೆಟ್ ಉಳಿಯುವುದಿಲ್ಲ. ಅಡಿಕೆಯೇ ನಮ್ಮ ಅನ್ನ, ಆದರೂ ಹೇಳಲೇಬೇಕು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆ ಜಗಿಯುವುದನ್ನು ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ಮಕ್ಕಳ ಬಾಯಿಗೆ ಅದು ಹೋಗದಿದ್ದರೆ ಬ್ರಾಕೆಟ್ಟಿಗೂ ಒಳ್ಳೆಯದು, ಬಾಯಿಗೂ ಒಳ್ಳೆಯದು.

ಸರಿಯಾಗಿ ಉಜ್ಜದಿದ್ದರೆ ಕ್ಲಿಪ್ ತೆಗೆದ ದಿನ ಹಲ್ಲು ನೇರ, ಆದರೆ ಬ್ರಾಕೆಟ್ಟಿನ ಸುತ್ತ ಬಿಳಿ ಕಲೆ. ಅದು ಹುಳುಕಿನ ಮೊದಲ ಹಂತ, ಪೂರ್ತಿ ಹೋಗುವುದಿಲ್ಲ. ಫ್ಲೋರೈಡ್ ಪೇಸ್ಟು, ಸಂದಿಗೆ ಹೋಗುವ ಸಣ್ಣ ಬ್ರಷ್ಷು ಎರಡೂ ಬೇಕು. ತಂತಿ ಚುಚ್ಚಿದರೆ ಹಚ್ಚಲು ಮೇಣ ಕೊಡುತ್ತಾರೆ, ಒಂದು ಡಬ್ಬಿ ಜಾಸ್ತಿ ಇಸಕೊಳ್ಳಿ. ಜುಲೈ ರಾತ್ರಿ ಕರೆಂಟಿಲ್ಲದೆ, ಮರ ಬಿದ್ದು ರಸ್ತೆ ಬಂದಾಗಿ, ಮಗು ಕೆನ್ನೆ ಹಿಡಿದುಕೊಂಡು ಕೂತಾಗ ಅದೊಂದೇ ದಿಕ್ಕು.

ಬಿಳಿ ಕ್ಲಿಪ್, ಅಂದರೆ ಸೆರಾಮಿಕ್. ಕೆಲಸ ಅದೇ, ಬ್ರಾಕೆಟ್ ಹಲ್ಲಿನ ಬಣ್ಣದ್ದು. ದರ ಒಂದೂವರೆ ಪಟ್ಟು ಎಂದಿಟ್ಟುಕೊಳ್ಳಿ. ಲೋಹಕ್ಕಿಂತ ಬೇಗ ಒಡೆಯುತ್ತದೆ, ತಂತಿಯನ್ನು ಬ್ರಾಕೆಟ್ಟಿಗೆ ಹಿಡಿದಿಡಲು ಮೇಲೆ ಹಾಕುವ ರಬ್ಬರು ಅರಿಶಿನಕ್ಕೂ ಕಾಫಿಗೂ ಹಳದಿಯಾಗುತ್ತದೆ. ಸಾಂಬಾರು ಉಣ್ಣುವ ಮನೆಯಲ್ಲಿ ಎರಡನೇ ವಾರಕ್ಕೇ ಬಿಳಿ ಹೋಯಿತು, ಮುಂದಿನ ಭೇಟಿಯಲ್ಲಿ ಬದಲಿಸುವ ತನಕ ಹಾಗೇ. ಕಾಲೇಜು ಹುಡುಗಿಯರು, ಕೆಲಸಕ್ಕೆ ಸೇರಿದವರು ಕೇಳಿದರೆ ಸರಿ ಅನ್ನುತ್ತೇನೆ. ಎಂಟನೇ ಕ್ಲಾಸಿನವರಿಗೆ ಬೇಡ. ಆ ವಯಸ್ಸಿನಲ್ಲಿ ಕ್ಲಾಸಿನಲ್ಲಿ ನಾಲ್ಕು ಜನಕ್ಕೆ ಕ್ಲಿಪ್ ಇರುತ್ತದೆ, ನನ್ನ ಮಗಳಂತೂ ನವೆಂಬರಿನಲ್ಲಿ ಕೆಂಪು ಹಳದಿ ರಬ್ಬರು ಹಾಕಿಸಿಕೊಂಡು ಬಂದಿದ್ದಳು.

ತಾನೇ ತಂತಿ ಹಿಡಿದುಕೊಳ್ಳುವ ಬ್ರಾಕೆಟ್ ಎಂದು ಒಂದಿದೆ, ರಬ್ಬರು ಬೇಡ. ಬೇಗ ಮುಗಿಯುತ್ತದೆ ಎಂದು ಹೇಳಿ ಜಾಸ್ತಿ ದುಡ್ಡು ಕೇಳುತ್ತಾರೆ. ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಒಟ್ಟು ಸಮಯ ಕಡಿಮೆಯಾದದ್ದು ಕಂಡಿಲ್ಲ. ಹಲ್ಲಿನ ಒಳಬದಿಗೆ ಹಾಕುವ ಕ್ಲಿಪ್ಪೂ ಇದೆ, ದರ ಬಹಳ, ನಾಲಿಗೆಗೆ ಗಾಯ, ಮಾಡುವವರೂ ಕಡಿಮೆ. ನಮ್ಮ ಕಡೆಯವರು ಅದರ ಯೋಚನೆ ಬಿಡಬಹುದು.

ಕಾಣದ ಕ್ಲಿಪ್, ಅಲೈನರ್. ಎಲ್ಲರೂ ಕೇಳುವುದು ಇದನ್ನೇ. ತೆಳು ಪ್ಲಾಸ್ಟಿಕ್ಕಿನ ಕವಚ, ಒಂದೆರಡು ವಾರಕ್ಕೊಂದು ಹೊಸದು ಹಾಕಿಕೊಳ್ಳುತ್ತಾ ಹೋಗಬೇಕು. ಇನ್ವಿಸಲೈನ್ ಮಾಡುವ ಅಮೆರಿಕದ ಕಂಪನಿ 1997ರಲ್ಲಿ ಶುರುವಾದದ್ದು, ಈಗ ನಮ್ಮ ದೇಶದ್ದೇ ಎಷ್ಟೋ ಬ್ರಾಂಡುಗಳಿವೆ. ದರ 80 ಸಾವಿರದ ಆಸುಪಾಸಿನಿಂದ ಎರಡೂವರೆ ಲಕ್ಷದ ತನಕ ಕೇಳಿದ್ದೇನೆ.

ಮಲೆನಾಡಿನವರಿಗೆ ಇದರಲ್ಲೊಂದು ನಿಜವಾದ ಲಾಭ ಇದೆ. ಮುಂದಿನ ಹಲವು ಜೊತೆ ಕವಚಗಳನ್ನು ಒಟ್ಟಿಗೇ ಕೊಡುತ್ತಾರೆ, ಹಾಗಾಗಿ ಎರಡು ತಿಂಗಳಿಗೊಮ್ಮೆ ಹೋದರೂ ನಡೆಯುತ್ತದೆ. ತಂತಿ ಚುಚ್ಚುವುದಿಲ್ಲ, ಹಪ್ಪಳ ಬಿಡಬೇಕಿಲ್ಲ, ಹಲ್ಲು ಉಜ್ಜುವುದು ಸುಲಭ. ಹಾಸ್ಟೆಲ್ಲಿನಲ್ಲಿರುವ ಮಕ್ಕಳಿಗೆ ಹೊಂದುತ್ತದೆ. ಆದರೆ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ತಿಂಡಿ, ಊಟ, ಕಾಫಿ, ಹೋದ ಮನೆಯಲ್ಲೆಲ್ಲ ಕೊಡುವ ಪಾನಕ, ಪ್ರತಿ ಸಲ ತೆಗೆದು, ಬಾಯಿ ತೊಳೆದು, ಮತ್ತೆ ಹಾಕಬೇಕು. ತೆಗೆದದ್ದನ್ನು ಹಾಕಲು ಮರೆತರೆ ದಿನಗಳು ಸುಮ್ನೆ ಹೋಗುತ್ತವೆ, ಮುಂದಿನ ಕವಚ ಕೂರುವುದಿಲ್ಲ. ಎಲ್ಲ ಕೇಸಿಗೂ ಆಗುವುದಿಲ್ಲ. ಜಾಗ ಮಾಡಲು ಕೆಲವು ಹಲ್ಲು ಕೀಳಿಸಿ, ಉಳಿದ ದೊಡ್ಡ ಸಂದು ಮುಚ್ಚುವುದು, ತುಂಬಾ ತಿರುಗಿದ ಹಲ್ಲು ತಿರುಗಿಸುವುದು ಇದಕ್ಕೆ ಕಷ್ಟದ ಕೆಲಸ. ಪೂರ್ತಿ ಕಾಣುವುದೇ ಇಲ್ಲ ಎಂದೂ ಅಲ್ಲ, ಹಲ್ಲಿನ ಮೇಲೆ ಅಲ್ಲಲ್ಲಿ ಸಣ್ಣ ಗುಬುಟು ಅಂಟಿಸುತ್ತಾರೆ.

ನಿಮ್ಮ ಮಗುವಿಗೆ ಈ ಶಿಸ್ತು ಇದೆಯಾ ಎಂದು ತಿಳಿಯಲು ಸುಲಭದ ದಾರಿ: ಕಳೆದ ವರ್ಷ ಎಷ್ಟು ಛತ್ರಿ ಕಳೆದುಕೊಂಡು ಬಂದಿದೆ ಲೆಕ್ಕ ಹಾಕಿ. ಎರಡಕ್ಕಿಂತ ಜಾಸ್ತಿಯಾದರೆ ತಂತಿ ಕ್ಲಿಪ್ಪೇ ಒಳ್ಳೆಯದು.

ಡಾಕ್ಟರನ್ನು ನೋಡದೇ, ಮನೆಯಲ್ಲೇ ಅಚ್ಚು ತೆಗೆದು ಕಳಿಸಿ, ಪೋಸ್ಟಿನಲ್ಲಿ ಅಲೈನರ್ ತರಿಸಿಕೊಳ್ಳುವ ದಾರಿಗೆ ಮಾತ್ರ ಹೋಗಬೇಡಿ. ಎಕ್ಸ್‌ರೇ ಇಲ್ಲದೆ ಬೇರು, ಮೂಳೆ ಹೇಗಿದೆ ಎಂದು ಗೊತ್ತಾಗುವುದಿಲ್ಲ. ಈ ತರಹದ ವ್ಯಾಪಾರದಲ್ಲಿ ದೊಡ್ಡ ಹೆಸರಾಗಿದ್ದ ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು, ಅರ್ಧ ಮುಗಿದವರು ಅರ್ಧದಲ್ಲೇ ಉಳಿದರು. ಇನ್ನು ವಿಡಿಯೋ ನೋಡಿ ಸಂದು ಹಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುವ ಮಕ್ಕಳಿದ್ದಾರೆ, ಅದು ಇನ್ನೂ ಅಪಾಯ. ರಬ್ಬರು ಮೆಲ್ಲಗೆ ವಸಡಿನೊಳಗೆ ಜಾರಿ, ಬೇರಿನ ತುದಿ ತನಕ ಹೋಗಿ, ಗಟ್ಟಿ ಹಲ್ಲೇ ಉದುರಿದ ಕೇಸುಗಳಿವೆ.

"ಹದಿನೈದು ದಿನದಲ್ಲಿ ನಗು ಬದಲು" ಎಂದು ಹಲ್ಲು ಅರೆದು ತೆಳ್ಳಗೆ ಮಾಡಿ ಮೇಲೆ ಕ್ಯಾಪ್ ಕೂರಿಸುವವರೂ ಇದ್ದಾರೆ. ಹದಿಹರೆಯದವರಿಗೆ ಇದು ಬೇಡವೇ ಬೇಡ. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ದವಡೆಯದ್ದೇ ದೊಡ್ಡ ದೋಷವಾಗಿ ಆಪರೇಷನ್ ಬೇಕೆಂದರೆ ಬೆಳವಣಿಗೆ ನಿಂತ ಮೇಲೆ, ಅಂದರೆ ಹದಿನೆಂಟರ ಆಸುಪಾಸಿಗೆ ಅಥವಾ ಆಮೇಲೆ. ಅದು ಬೇರೆಯೇ ಮಾತು.

ಎಲ್ಲಿ ಮಾಡಿಸುವುದು

ಇಲ್ಲಿ ಅಕ್ಕನ ಮಗನ ಕಥೆ. ಅವರ ಊರಿಗೆ ಹತ್ತಿರದ ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಹಾಕಿಸಿದರು. ಹತ್ತಿರ, ಇಪ್ಪತ್ತು ನಿಮಿಷದ ದಾರಿ, ದರವೂ ಕಡಿಮೆ. ಕ್ಲಿಪ್ ಕೆಲಸ ಮಾಡುತ್ತಿದ್ದವರು ಆ ಕ್ಲಿನಿಕ್ಕಿನ ಡಾಕ್ಟರಲ್ಲ, ತಿಂಗಳಿಗೆ ಒಂದು ಭಾನುವಾರ ಹೊರಗಿನಿಂದ ಬರುತ್ತಿದ್ದ ಆರ್ಥೊಡಾಂಟಿಸ್ಟ್. ಒಂಬತ್ತು ತಿಂಗಳ ಮೇಲೆ ಅವರು ಬರುವುದು ನಿಂತಿತು. "ಮುಂದಿನ ತಿಂಗಳು ಬರ್ತಾರೆ" ಎಂದು ಐದು ತಿಂಗಳು ಕಳೆದವು. ನಾಲ್ಕು ಹಲ್ಲು ಕೀಳಿಸಿ ಆಗಿತ್ತು, ಜಾಗ ಹಾಗೇ ತೆರೆದುಕೊಂಡಿತ್ತು. ಕೊನೆಗೆ ಶಿವಮೊಗ್ಗದಲ್ಲಿ ಇನ್ನೊಬ್ಬರ ಹತ್ತಿರ ಹೆಚ್ಚುಕಡಿಮೆ ಪೂರ್ತಿ ದುಡ್ಡು ಮತ್ತೆ ಕೊಟ್ಟು ಮುಗಿಸಿದರು. ನಮ್ಮ ಭಾವ ಇವತ್ತಿಗೂ ಆ ಮಾತು ತೆಗೆದರೆ ಎದ್ದು ಹೋಗುತ್ತಾರೆ.

ಹಾಗಂತ ಹೊರಗಿನಿಂದ ಬರುವವರೆಲ್ಲ ಹೀಗೆ ಎಂದಲ್ಲ, ಸಣ್ಣ ಊರುಗಳಿಗೆ ತಜ್ಞರು ಬರುವುದೇ ಹಾಗೆ. ಕೇಳಬೇಕಾದ್ದನ್ನು ಕೇಳಿಟ್ಟುಕೊಳ್ಳಿ. ಕೆಲಸ ಮಾಡುವವರು ಬಿಡಿಎಸ್ ಆದ ಮೇಲೆ ಮೂರು ವರ್ಷ ಈ ವಿಷಯದಲ್ಲೇ ಎಂಡಿಎಸ್ ಮಾಡಿದವರಾ? ಅವರು ಎಷ್ಟು ವರ್ಷದಿಂದ ಇಲ್ಲಿಗೆ ಬರುತ್ತಿದ್ದಾರೆ? ಬರುವುದು ನಿಂತರೆ ಯಾರು ಮುಂದುವರಿಸುತ್ತಾರೆ, ದುಡ್ಡಿನ ಕಥೆಯೇನು? ನಡುವೆ ಬ್ರಾಕೆಟ್ ಬಿದ್ದರೆ ಬೇರೆ ದಿನ ನೋಡುವವರು ಯಾರು? ಒಟ್ಟು ಖರ್ಚಿನಲ್ಲಿ ಎಕ್ಸ್‌ರೇ, ಹಲ್ಲು ಕೀಳಿಸುವುದು, ಬಿದ್ದ ಬ್ರಾಕೆಟ್ ಅಂಟಿಸುವುದು, ಕೊನೆಗೆ ಹಲ್ಲನ್ನು ಹೊಸ ಜಾಗದಲ್ಲಿ ಹಿಡಿದಿಡುವ ರಿಟೇನರ್ ಸೇರಿದೆಯಾ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಎಕ್ಸ್‌ರೇ ಮತ್ತು ಹಲ್ಲಿನ ಅಚ್ಚಿನ ಫೋಟೋ ನಿಮ್ಮ ಫೋನಿನಲ್ಲೂ ಇರಲಿ, ಊರು ಬದಲಿಸುವ ದಿನ ಬಂದರೆ ಬೇಕಾಗುತ್ತದೆ.

ಶಿವಮೊಗ್ಗದ ಖಾಸಗಿ ಕ್ಲಿನಿಕ್ಕಿನಲ್ಲಿ ಅನುಕೂಲ ಸಮಯದ್ದು. ಶನಿವಾರ ಮಧ್ಯಾಹ್ನ, ಸಂಜೆ ಎಂದು ಶಾಲೆ ತಪ್ಪಿಸದೆ ಹೋಗಬಹುದು. ಒಬ್ಬರೇ ಡಾಕ್ಟರು ಕೊನೆತನಕ ನೋಡುತ್ತಾರೆ. ಡೆಂಟಲ್ ಕಾಲೇಜಿನಲ್ಲಿ ದರ ಕಡಿಮೆ, ಮಾಡುವವರು ಪಿಜಿ ವಿದ್ಯಾರ್ಥಿಗಳು, ಮೇಲೆ ಪ್ರೊಫೆಸರು ನೋಡುತ್ತಿರುತ್ತಾರೆ. ಕೆಲಸದ ಗುಣದ ಬಗ್ಗೆ ನನಗೆ ಹೆದರಿಕೆ ಇಲ್ಲ, ಪ್ರತಿ ಹೆಜ್ಜೆಗೂ ಸಹಿ ಬೇಕಾದ್ದರಿಂದ ಅಲ್ಲಿ ಅವಸರದ ಕೆಲಸ ನಡೆಯುವುದಿಲ್ಲ. ಆದರೆ ಕಾಯುವುದು ಜಾಸ್ತಿ, ವಾರದ ದಿನವೇ ಹೋಗಬೇಕು, ಓದು ಮುಗಿಸಿ ವಿದ್ಯಾರ್ಥಿ ಹೋದರೆ ಇನ್ನೊಬ್ಬರ ಕೈಗೆ ಕೇಸು ಹೋಗುತ್ತದೆ. ಶಿವಮೊಗ್ಗದಲ್ಲಿ ಶರಾವತಿ ಡೆಂಟಲ್ ಕಾಲೇಜು ಇರುವುದು ಆಲ್ಕೊಳದಲ್ಲಿ, ಸಾಗರ ರಸ್ತೆಯ ಕಡೆ. ದಾವಣಗೆರೆಯಲ್ಲಿ ಬಾಪೂಜಿ ಡೆಂಟಲ್ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ, ಶಿಕಾರಿಪುರ, ಹೊನ್ನಾಳಿ ಕಡೆಯವರಿಗೆ ಅದೂ ಒಂದು ದಾರಿ.

ಮಣಿಪಾಲದ ಡೆಂಟಲ್ ಕಾಲೇಜು 1953ರಷ್ಟು ಹಳೆಯದು, ಹೆಸರೂ ದೊಡ್ಡದು. ಸೀಳುತುಟಿ, ದವಡೆ ಆಪರೇಷನ್, ಒಳಗೆ ಹೂತ ಕೋರೆಹಲ್ಲು, ಇಂಥ ಕಷ್ಟದ ಕೇಸಾದರೆ ಖಂಡಿತ ಹೋಗಿ. ಸಾದಾ ಉಬ್ಬು ಹಲ್ಲಿಗೆ ತಿಂಗಳು ತಿಂಗಳು ಆಗುಂಬೆ ಘಾಟಿ ಇಳಿದು ಹತ್ತುವುದು ನನ್ನ ಕೈಲಾಗದ ಮಾತು. ಹದಿನಾಲ್ಕು ತಿರುವಿನಲ್ಲಿ ನನ್ನ ಮಗಳಿಗೆ ಕ್ಲಿಪ್ ಇಲ್ಲದೆಯೇ ವಾಂತಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದರೆ ಭೇಟಿ ತಪ್ಪುತ್ತದೆ. ಆದರೆ ಮಗು ಹೇಗೂ ಉಡುಪಿ ಕಡೆಯ ಹಾಸ್ಟೆಲ್ಲಿನಲ್ಲೇ ಓದುತ್ತದೆ ಎಂದರೆ ಲೆಕ್ಕ ಉಲ್ಟಾ, ಅಲ್ಲೇ ಶುರು ಮಾಡಿ.

ಇನ್ಶೂರೆನ್ಸ್ ಬರುತ್ತದಾ ಎಂದು ಕೇಳುತ್ತಾರೆ. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಕ್ಲಿಪ್ಪಿಗೆ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ.

ಹೋದ ತಿಂಗಳು ಮೂರು ಮನೆಯವರು ಕೇಳಿದ್ದರು, ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಸಾಗರದ ಕಡೆಯವರು, ಮಗ ಏಳನೇ ಕ್ಲಾಸು, ಕೆಳದವಡೆ ಹಿಂದಿದೆ, ಕೈಯಲ್ಲಿ ದುಡ್ಡು ಕಡಿಮೆ: ಡೆಂಟಲ್ ಕಾಲೇಜು, ಈ ಬೇಸಿಗೆಯಲ್ಲೇ ಟ್ವಿನ್ ಬ್ಲಾಕ್ ಆಗುತ್ತದಾ ಕೇಳಿ, ಬೆಳಗಿನ ರೈಲಿನಲ್ಲಿ ಹೋಗಿ ಬನ್ನಿ. ಕೊಪ್ಪದವರು, ಮಗಳು ಹತ್ತನೇ ಕ್ಲಾಸಿಗೆ, ಮುಂದೆ ಮಂಗಳೂರು, ಹಲ್ಲು ಒತ್ತೊತ್ತು: ಈಗ ಬರೀ ಎಕ್ಸ್‌ರೇ ತೆಗೆಸಿ ತೋರಿಸಿ, ಹಾಕಿಸುವುದು ಕಾಲೇಜು ಸೇರಿದ ಮೇಲೆ ಅಲ್ಲೇ. ಪಕ್ಕದ ಊರಿನವರು, ಮಗಳು ಡಿಗ್ರಿ, ಮುಂದೆ ಸಣ್ಣ ಸಂದು, ದುಡ್ಡಿಗೆ ತೊಂದರೆಯಿಲ್ಲ, ಹುಡುಗಿ ಅಚ್ಚುಕಟ್ಟು: ಅಲೈನರ್ ಆಗಬಹುದು. ಆ ಹುಡುಗಿ ಮಾತ್ರ ಆಮೇಲೆ ನನಗೇ ಫೋನ್ ಮಾಡಿ, "ಅತ್ತೆ, ನಂಗೆ ಈ ಸಂದು ಇಷ್ಟ, ಅಮ್ಮಂಗೆ ಹೇಳಿ" ಅಂದಳು. ಹೇಳಿದೆ.

ಕೊನೆಗೆ ರಿಟೇನರ್. ಇದನ್ನು ಮರೆತವರೇ ಜಾಸ್ತಿ. ಕ್ಲಿಪ್ ತೆಗೆದ ದಿನ ಕೆಲಸ ಮುಗಿಯುವುದಿಲ್ಲ, ಹಲ್ಲು ಹಳೇ ಜಾಗಕ್ಕೆ ಹೋಗಲು ನೋಡುತ್ತಿರುತ್ತದೆ. ಒಳಬದಿಗೆ ಅಂಟಿಸುವ ತೆಳು ತಂತಿ, ಅಥವಾ ರಾತ್ರಿ ಹಾಕಿಕೊಳ್ಳುವ ಕವಚ, ಏನಾದರೊಂದು ವರ್ಷಗಟ್ಟಲೆ ಬೇಕು. ಮರೆಯುವ ಮಕ್ಕಳಿಗೆ ಅಂಟಿಸಿದ್ದೇ ಒಳ್ಳೆಯದು, ಆದರೆ ಅದರ ಸುತ್ತ ಉಜ್ಜುವುದು ಕಷ್ಟ, ಬಿಟ್ಟುಕೊಂಡರೆ ಗೊತ್ತಾಗುವುದೂ ಇಲ್ಲ. ನನ್ನ ಮಗಳದ್ದು ತೆಗೆಯುವ ಕವಚ. ಮೂರನೇ ತಿಂಗಳಲ್ಲಿ ಒಂದು ಮದುವೆ ಊಟ. ಕವಚ ತೆಗೆದು, ಪೇಪರ್ ನ್ಯಾಪ್‌ಕಿನ್ನಿನಲ್ಲಿ ಸುತ್ತಿ, ಬಾಳೆಎಲೆಯ ತುದಿಯಲ್ಲಿ ಇಟ್ಟಳು. ಪಾಯಸ ಆಯಿತು, ಮಜ್ಜಿಗೆ ಆಯಿತು, ಎಲೆ ಮಡಚಿ ಎದ್ದಳು. ನೆನಪಾದದ್ದು ತಾಂಬೂಲ ತೆಗೆದುಕೊಳ್ಳುವಾಗ. ಅಷ್ಟು ಹೊತ್ತಿಗೆ ಮೂರು ಪಂಕ್ತಿಯ ಎಲೆ ಹಿತ್ತಿಲಿನ ಗುಂಡಿಯಲ್ಲಿ, ಸುತ್ತ ನಾಲ್ಕು ದನ. ನಾನು ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು ಮುಕ್ಕಾಲು ಗಂಟೆ ಹುಡುಕಿದೆ, ಸಿಗಲಿಲ್ಲ. ಹೊಸದಕ್ಕೆ ಮತ್ತೆ ಅಚ್ಚು, ಮತ್ತೆ ದುಡ್ಡು, ಮತ್ತೆ ಎರಡು ಸಲ ಬಸ್ಸು. ರಿಟೇನರ್ ಜೊತೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ. ಈಗ ಅವಳ ಬ್ಯಾಗಿನಲ್ಲಿ ಒಂದು ಡಬ್ಬಿ ಇರುತ್ತದೆ, ನನ್ನ ಬ್ಯಾಗಿನಲ್ಲೂ ಒಂದು.